ಯುದ್ಧದ ನಡುವೆ ಕುಗ್ಗಿದ ಎಳೆ

ನಾನು ಫಿಸಿಯೋಥೆರಪಿ ವಿದ್ಯಾರ್ಥಿನಿ. ಆಕ್ಟಿನ್, ಮಯೋಸಿನ್ ಎಂಬ ಹೆಸರುಗಳನ್ನು ಪರೀಕ್ಷೆಗೆಂದು ಎಲ್ಲರಂತೆ ನಾನೂ ಉರು ಹೊಡೆದವಳೇ. ಆದರೆ ಆಲ್ಬರ್ಟ್ ಸೆಂಟ್-ಜ್ಯಾರ್ಜಿ ಅವರ ಬದುಕನ್ನು ಓದಿದ ಮೇಲೆ ಆ ಪಾಠ ನನಗೆ ಬರೀ ಬಾಯಿಪಾಠವಾಗಿ ಉಳಿಯಲಿಲ್ಲ.

1893ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದುತ್ತಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ಸೇನೆಯಲ್ಲಿ ದುಡಿದು ಶೌರ್ಯ ಪದಕವನ್ನೂ ಪಡೆದರು. ಆದರೆ ಅರ್ಥವಿಲ್ಲದ ಸಾವುಗಳನ್ನು ಕಂಡು ರೋಸಿಹೋಗಿ, ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು, ಶತ್ರುವಿನ ಗುಂಡು ತಗುಲಿತೆಂದು ಹೇಳಿ ಊರಿಗೆ ಮರಳಿದರು. ಓದು ಮುಗಿಸಿದರು.

ಮುಂದೆ ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಕೆಂಪು ಮೆಣಸಿನಕಾಯಿಯಿಂದ ವಿಟಮಿನ್ ಸಿ ಅನ್ನು ಹೇರಳವಾಗಿ ಬೇರ್ಪಡಿಸಿದರು. 1937ರಲ್ಲಿ ನೊಬೆಲ್ ಬಂತು. ಅಷ್ಟಕ್ಕೇ ನಿಲ್ಲದೆ ಸ್ನಾಯುವಿನತ್ತ ತಿರುಗಿದರು.

ನಮ್ಮ ಒಂದೊಂದು ಸ್ನಾಯು ತಂತುವೂ ಅನೇಕ ಕೋಶಕೇಂದ್ರಗಳಿರುವ ಉದ್ದನೆಯ ಒಂದೇ ಜೀವಕೋಶ. ಅದರೊಳಗೆ ದಪ್ಪ ಎಳೆಗಳು ಮಯೋಸಿನ್‌ನವು, ತೆಳು ಎಳೆಗಳು ಮುಖ್ಯವಾಗಿ ಆಕ್ಟಿನ್‌ನವು. ಎರಡನೇ ಮಹಾಯುದ್ಧದ ನಡುವೆಯೇ ಸೆಂಟ್-ಜ್ಯಾರ್ಜಿ, ಇಲೋನಾ ಬಂಗಾ ಮತ್ತು ಬ್ರೂನೋ ಸ್ಟ್ರೌಬ್ ಮೊಲದ ಸ್ನಾಯುವಿನಿಂದ ಈ ಪ್ರೋಟೀನುಗಳನ್ನು ತೆಗೆದರು. ಆಕ್ಟಿನ್ ಅನ್ನು ಬೇರ್ಪಡಿಸಿದವರು ಸ್ಟ್ರೌಬ್. ಎರಡೂ ಸೇರಿದ ಎಳೆಗೆ ಎಟಿಪಿ ಹಾಕಿದಾಗ ಗಾಜಿನ ತಟ್ಟೆಯಲ್ಲೇ ಅದು ಕುಗ್ಗಿತು! ಜೀವವಿಲ್ಲದ ಎಳೆ ಜೀವವಿದ್ದಂತೆ ಅಲುಗಿದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಆಗಲೂ ಅವರು ಪ್ರಯೋಗಾಲಯದಲ್ಲಿ ಅಡಗಿ ಕೂರಲಿಲ್ಲ. 1943ರಲ್ಲಿ ಉಪನ್ಯಾಸದ ನೆಪದಲ್ಲಿ ಇಸ್ತಾಂಬುಲ್‌ಗೆ ಹೋಗಿ, ಹಂಗೇರಿಯನ್ನು ಹಿಟ್ಲರ್‌ನ ಕೂಟದಿಂದ ಬಿಡಿಸಲು ಬ್ರಿಟಿಷರೊಂದಿಗೆ ಗುಟ್ಟಾಗಿ ಮಾತಾಡಿದರು. ಗುಟ್ಟು ರಟ್ಟಾಯಿತು. ಗೆಸ್ಟಾಪೊ ಕಣ್ಣು ತಪ್ಪಿಸಿ, ಯುದ್ಧ ಮುಗಿಯುವವರೆಗೆ ತಲೆಮರೆಸಿಕೊಂಡು ಬದುಕಿದರು.

1947ರಲ್ಲಿ ಅಮೆರಿಕಕ್ಕೆ ಹೋಗಿ ವುಡ್ಸ್ ಹೋಲ್‌ನಲ್ಲಿ ಸಂಶೋಧನೆ ಮುಂದುವರಿಸಿದರು. 1954ರಲ್ಲಿ ಹ್ಯೂ ಹಕ್ಸ್ಲಿ, ಆಂಡ್ರ್ಯೂ ಹಕ್ಸ್ಲಿ ಮತ್ತು ಅವರ ಜೊತೆಗಾರರು ಇನ್ನೊಂದು ಸಂಗತಿ ತೋರಿಸಿದರು: ಸ್ನಾಯು ಕುಗ್ಗುವಾಗ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ನರದ ಸಂದೇಶ ಬಂದೊಡನೆ ತಂತುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಆಕ್ಟಿನ್ ಮೇಲಿನ ತಡೆ ಸರಿಯುತ್ತದೆ. ಮಯೋಸಿನ್ ತಲೆಗಳು ಅದನ್ನು ಹಿಡಿದು ಎಳೆಯುತ್ತವೆ. ಹಿಡಿತ ಬಿಡಲೂ ಎಟಿಪಿ ಬೇಕು. ಸತ್ತ ಮೇಲೆ ಅದು ಬರಿದಾಗುವುದರಿಂದಲೇ ದೇಹ ಸೆಟೆದುಕೊಳ್ಳುವುದು.

ಸೆಂಟ್-ಜ್ಯಾರ್ಜಿ 1986ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಪಾರ್ಶ್ವವಾಯುವಾದವರ ಮನೆಯವರು, ಈ ಕೈ ಸತ್ತೇ ಹೋಯಿತೇ ಎಂದು ಕೇಳಿದರೆ ನಾನು ಈಗ ಬಿಡಿಸಿ ಹೇಳಬಲ್ಲೆ: ಎಳೆಗಳು ಒಳಗೆ ಇವೆ, ಮೆದುಳಿನ ಅಪ್ಪಣೆ ಮಾತ್ರ ಸರಿಯಾಗಿ ತಲುಪುತ್ತಿಲ್ಲ. ಅವು ಸೊರಗದಂತೆ ದಿನವೂ ವ್ಯಾಯಾಮ ಮಾಡಿಸೋಣ.