ಮಗನಿಗಾಗಿ ಉಳಿದ ತಾಯಿ: ದಾನಚಿಂತಾಮಣಿ ಅತ್ತಿಮಬ್ಬೆ

ಒಂದೇ ಮನೆಯ ಇಬ್ಬರು ಅಕ್ಕತಂಗಿಯರು, ಅತ್ತಿಮಬ್ಬೆ ಮತ್ತು ಗುಂಡಮಬ್ಬೆ. ಇಬ್ಬರ ಕೈಹಿಡಿದವನೂ ಒಬ್ಬನೇ, ಚಾಲುಕ್ಯ ದಂಡನಾಯಕ ನಾಗದೇವ. ಯುದ್ಧದಲ್ಲಿ ನಾಗದೇವ ಮಡಿದಾಗ ಗುಂಡಮಬ್ಬೆ ಪತಿಯ ಚಿತೆಯನ್ನೇರಿದಳು. ಅತ್ತಿಮಬ್ಬೆ ಏರಲಿಲ್ಲ. ಅವಳ ಮಡಿಲಲ್ಲಿ ಅಣ್ಣಿಗ ಎಂಬ ಮಗನಿದ್ದ.

ಸಾವಿರ ವರ್ಷಗಳಿಂದ ಜೈನ ಸಮಾಜ ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ನೆನೆಯುತ್ತ ಬಂದಿದೆ. ಬಸದಿ, ಪ್ರತಿಮೆ, ಪುಸ್ತಕಗಳ ಲೆಕ್ಕ ಎಲ್ಲರ ಬಾಯಲ್ಲಿದೆ. ಆದರೆ ಆ ಎಲ್ಲ ದಾನಗಳಿಗಿಂತ ಮೊದಲು ನಡೆದದ್ದು ಆ ಒಂದು ದಿನದ ನಿರ್ಧಾರ. ತಂಗಿ ಹೋದಳು, ಗಂಡ ಹೋದ. ಸಹಗಮನ ಮಾಡಿದವಳನ್ನು ಲೋಕ ಕೊಂಡಾಡುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಬದುಕಿ ಉಳಿಯುವುದಕ್ಕೆ ಬೇಕಾದ ಗಟ್ಟಿತನ ಕಡಿಮೆಯದಲ್ಲ. ಜಿನಧರ್ಮ ಹೆಣ್ಣಿಗೆ ಚಿತೆಯನ್ನು ವಿಧಿಸಿಲ್ಲ. ವ್ರತವನ್ನು, ದಾನವನ್ನು, ಸಂಯಮವನ್ನು ಹೇಳಿದೆ. ಅತ್ತಿಮಬ್ಬೆ ಆ ದಾರಿಯನ್ನು ಹಿಡಿದಳು. ವ್ರತನಿಷ್ಠೆಯಲ್ಲಿದ್ದುಕೊಂಡೇ ಮಗನನ್ನು ಸಾಕಿದಳು. ಆ ಅಣ್ಣಿಗನೇ ಮುಂದೆ ಪಡೆವಳ ತೈಲನೆಂದು ಹೆಸರಾದ. ಪಡೆವಳನೆಂದರೆ ಸೇನಾಪತಿ.

ಅವಳ ತವರಿನ ಹಿರಿಯರು ವೆಂಗಿಮಂಡಲದವರು. ಅಜ್ಜ ನಾಗಮಯ್ಯ, ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಮಲ್ಲಪಯ್ಯನ ಮಗಳು ಅತ್ತಿಮಬ್ಬೆ. ಈ ಅಣ್ಣತಮ್ಮಂದಿರು ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಸಿದರು. ಹದಿನಾರನೆಯ ತೀರ್ಥಂಕರ ಶಾಂತಿನಾಥರ ಚರಿತೆಯನ್ನು ಹೇಳುವ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ ಅದು. ಪುನ್ನಮಯ್ಯ ಕಾವೇರಿಯ ದಡದಲ್ಲಿ ಯುದ್ಧ ಮಾಡುತ್ತ ಮಡಿದ. ಅತ್ತೆಮನೆಯೂ ಸಣ್ಣದಲ್ಲ, ಮಾವ ಧಲ್ಲಪ ಇಮ್ಮಡಿ ತೈಲಪನ ಮಹಾಮಂತ್ರಿ. 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ರಾಜ್ಯವನ್ನು ಮತ್ತೆ ಕಟ್ಟಿದವನೇ ಆ ತೈಲಪ.

ಪೊನ್ನ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಕವಿ. ಅವನನ್ನು ಸಾಕಿದ ಅರಸುಮನೆ ಬಿದ್ದುಹೋಯಿತು. ಅಂಥ ಸಮಯದಲ್ಲಿ ಒಂದು ಕಾವ್ಯ ಕಳೆದುಹೋಗುವುದು ಬಹಳ ಸುಲಭ. ಓಲೆಗರಿಗೆ ಹುಳು ಹಿಡಿಯುತ್ತದೆ, ತೇವ ತಾಗುತ್ತದೆ; ಮತ್ತೆ ಮತ್ತೆ ನಕಲು ಮಾಡದಿದ್ದರೆ ಎಂಥ ಪುರಾಣವೂ ಉಳಿಯದು. ಅತ್ತಿಮಬ್ಬೆ ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಸಿದ ಆ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು.

ಈ ಸಾವಿರ ಎಂಬ ಮಾತನ್ನು ನಾವು ಇಂದು ಸಲೀಸಾಗಿ ಹೇಳಿಬಿಡುತ್ತೇವೆ. ಆಗ ಅಚ್ಚಿನ ಯಂತ್ರವಿಲ್ಲ. ತಾಳೆಯ ಗರಿಗಳನ್ನು ತಂದು, ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಲಿಪಿಕಾರ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಗೀರಬೇಕು. ಗೀರಿದ ಅಕ್ಷರ ಕಣ್ಣಿಗೆ ಕಾಣಲು ಮಸಿ ತೀಡಬೇಕು. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟಬೇಕು. ಹನ್ನೆರಡು ಆಶ್ವಾಸಗಳನ್ನು ಹೀಗೆ ಒಮ್ಮೆ ಬರೆದು ಮುಗಿಸುವುದೇ ದೊಡ್ಡ ಕೆಲಸ. ಅದನ್ನು ಸಾವಿರ ಸಲ ಮಾಡಿಸಬೇಕಾದರೆ ಎಷ್ಟು ಲಿಪಿಕಾರರಿಗೆ ಎಷ್ಟು ದಿನ ಅನ್ನವಿಕ್ಕಿ ಸಂಬಳ ಕೊಟ್ಟಿರಬೇಕು! ಜೊತೆಗೆ ಚಿನ್ನದ, ರತ್ನದ 1500 ಜಿನಪ್ರತಿಮೆಗಳನ್ನೂ ಮಾಡಿಸಿ ಕೊಟ್ಟಳೆಂಬ ಕೀರ್ತಿ ಅವಳದು. ಶ್ರಾವಕರಿಗೆ ಹೇಳಿರುವ ದಾನಗಳು ನಾಲ್ಕು: ಆಹಾರ, ಅಭಯ, ಔಷಧ, ಶಾಸ್ತ್ರ. ಹಸಿದವರಿಗೆ ಉಣಿಸುವುದು, ರೋಗಿಗೆ ಮದ್ದು ಕೊಟ್ಟು ಆರೈಕೆ ಮಾಡುವುದು ನಮ್ಮ ಮನೆಗಳ ತಾಯಂದಿರು, ಅಜ್ಜಿಯರು ಇಂದಿಗೂ ಸದ್ದಿಲ್ಲದೆ ನಡೆಸಿಕೊಂಡು ಬಂದ ದಾನಗಳು. ಶಾಸ್ತ್ರದಾನದಲ್ಲಿ ಮಾತ್ರ ಅತ್ತಿಮಬ್ಬೆಗೆ ಸಾಟಿಯಾದವರು ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಹಳೆಯ ಕಾವ್ಯವನ್ನು ಉಳಿಸಿದವಳು ಹೊಸದನ್ನೂ ಬರೆಸಿದಳು. ಮುದುವೊಳಲು, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ವಿದ್ಯೆ ಅರಸಿ ಊರು ಬಿಟ್ಟವನು. ಅವನ ಗುರು ಅಜಿತಸೇನಾಚಾರ್ಯರು. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೂ ಈ ಕಥೆಗೂ ಇಲ್ಲಿಯೇ ನಂಟು. ಗಂಗರ ದೊರೆ ಮಾರಸಿಂಹ ರಾಜ್ಯವನ್ನು ತೊರೆದು ಸಲ್ಲೇಖನ ಕೈಗೊಂಡದ್ದು ಬಂಕಾಪುರದಲ್ಲಿ, ಇದೇ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ. ಅದಕ್ಕೂ ಮುಂಚೆ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದೂ ಅಲ್ಲಿಯೇ. ಬಂಕಾಪುರದ ಹೆಸರು ಕೇಳಿದರೆ ಇಂದಿನವರಿಗೆ ಕೋಟೆ ಮತ್ತು ನವಿಲುಧಾಮ ನೆನಪಾಗುತ್ತವೆ. ಆಗ ಅದು ವಿದ್ಯೆಯ ಊರು.

ರನ್ನನಿಗೆ ಮೊದಲು ಆಸರೆಯಾದವನು ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ. ಆಮೇಲೆ ಅತ್ತಿಮಬ್ಬೆ. ಅವಳ ಪ್ರೇರಣೆಯಿಂದ 993ರಲ್ಲಿ ರನ್ನ ಎರಡನೆಯ ತೀರ್ಥಂಕರರ ಕಥೆಯಾದ ಅಜಿತಪುರಾಣವನ್ನು ಮುಗಿಸಿದ. ಅತ್ತಿಮಬ್ಬೆಯ ವಂಶ, ಮದುವೆ, ವೈಧವ್ಯ, ದಾನ ಇವೆಲ್ಲ ಇಷ್ಟು ವಿವರವಾಗಿ ನಮಗೆ ತಿಳಿದಿರುವುದು ಆ ಕಾವ್ಯದಿಂದ. ಅರಸರ ಬಗ್ಗೆ ಬರೆದ ಕವಿಗಳು ಬೇಕಾದಷ್ಟು ಮಂದಿ. ಅರಸಿಯೂ ಅಲ್ಲದ ಒಬ್ಬ ವಿಧವೆಯ ಬದುಕಿಗೆ ಕಾವ್ಯದಲ್ಲಿ ಇಷ್ಟು ಜಾಗ ಕೊಟ್ಟದ್ದು ಅಪರೂಪ.

ಅವಳು ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಅಲ್ಲಿಯ 1007ರ ಶಾಸನ ಅವಳ ಗುಣಗಳನ್ನು ವಿಸ್ತಾರವಾಗಿ ಹೇಳುತ್ತದೆ. ಆಗ ಆಳುತ್ತಿದ್ದವನು ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗ. ಮರಳುಗಲ್ಲನ್ನು ಬಿಟ್ಟು ನಯವಾದ ಬಳಪದ ಕಲ್ಲಿನಲ್ಲಿ ಗುಡಿ ಕಟ್ಟಲು ತೊಡಗಿದ ಕಾಲದ ಮೊದಲ ಕಟ್ಟಡಗಳಲ್ಲಿ ಇದೂ ಒಂದು. ಒಳಗೆ ನಾಲ್ಕು ಮುಖದ ಬ್ರಹ್ಮನ ಮತ್ತು ಪದ್ಮಾವತಿಯ ಮೂರ್ತಿಗಳಿವೆ.

ಪವಾಡಗಳೂ ಅವಳ ಹೆಸರಿನೊಂದಿಗೆ ಬೆಳೆದಿವೆ. ಉಕ್ಕಿ ಬಂದ ಗೋದಾವರಿ ಅವಳಿಗಾಗಿ ತಡೆದು ನಿಂತಿತಂತೆ, ಮದವೇರಿದ ಆನೆ ಅವಳೆದುರು ತಲೆಬಾಗಿತಂತೆ. ಗೊಮ್ಮಟೇಶ್ವರನ ದರ್ಶನವಾಗುವ ತನಕ ಉಣ್ಣುವುದಿಲ್ಲವೆಂದು ವ್ರತ ತೊಟ್ಟು ಬೆಟ್ಟ ಹತ್ತಿ ದಣಿದಾಗ ಅಕಾಲದ ಮಳೆ ಸುರಿದು ಅವಳ ಆಯಾಸ ಪರಿಹಾರವಾಯಿತೆಂಬ ಕಥೆಯೂ ಉಂಟು. ಇವನ್ನು ಭಕ್ತಿಯಿಂದ ಕೇಳುವವರು ಕೇಳುತ್ತಾರೆ. ಜನ ಅವಳನ್ನು ಎಷ್ಟು ಹಚ್ಚಿಕೊಂಡಿದ್ದರು ಎಂಬುದಂತೂ ಇವುಗಳಿಂದ ತಿಳಿಯುತ್ತದೆ.

ಹಾನಗಲ್ಲ, ಹಿರೇಕೆರೂರು ಕಡೆಯ ಕುಟುಂಬಗಳಿಗೆ ಲಕ್ಕುಂಡಿ ದೂರದ ಊರಲ್ಲ. 1997ರ ತನಕ ಇವೆಲ್ಲ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಮೊದಲು ಬಂಕಾಪುರವನ್ನು ನೋಡಿಕೊಂಡು, ಸವಣೂರು ದಾಟಿ, ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರದ ಶಂಖಬಸದಿಯಲ್ಲಿ ದರ್ಶನ ಮಾಡಿ ಗದಗಿಗೆ ಹೋದರೆ, ಅಲ್ಲಿಂದ ಕೊಪ್ಪಳದ ರಸ್ತೆಯಲ್ಲಿ ಲಕ್ಕುಂಡಿ ಸಿಗುತ್ತದೆ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ದಿನದಲ್ಲಿ ಹೋಗಿ ಬರಬಹುದು. ಅತ್ತಿಮಬ್ಬೆಯ ಹೆಸರಿನಲ್ಲಿ ರಾಜ್ಯ ಸರ್ಕಾರ ಪ್ರಶಸ್ತಿಯನ್ನೂ ಕೊಡುತ್ತಿದೆ.

ಆದರೆ ಅವಳಿಗೆ ಸಂದ ಮೊದಲ ಗೌರವ ಒಬ್ಬ ಕವಿಯ ಮನೆಯದು. ರನ್ನನಿಗೆ ಇಬ್ಬರು ಮಕ್ಕಳು. ತನ್ನನ್ನು ಪೊರೆದ ಇಬ್ಬರ ಹೆಸರನ್ನು ಅವನು ಅವರಿಗೆ ಇಟ್ಟ. ಚಾವುಂಡರಾಯನ ನೆನಪಿಗೆ ಮಗನ ಹೆಸರು ರಾಯ. ಮಗಳನ್ನು ಅತ್ತಿಮಬ್ಬೆ ಎಂದು ಕರೆದ.