ವಿಜ್ಞಾನವೇತ್ತರಾದ ಒಟ್ಟೋ ಸ್ಟರ್ನರ ಜೀವಿತ

ಗೌರಿಬಿದನೂರಿನ ಹಂಚಿನ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನೊಳಗೆ ಧೂಳಿನ ಕಣಗಳು ಕುಣಿಯುವುದನ್ನು ಕಾಣದ ಬಾಲಿಕೆಯರು ಯಾರಿದ್ದಾರೆ? ಆ ಕಣಗಳಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಪರಮಾಣುಗಳನ್ನು ಹಾಗೆಯೇ ಕಿರಿದಾದ ಕಿಂಡಿಯೊಂದರಿಂದ ಧಾರೆಯಾಗಿ ಹಾಯಿಸಿ, ಅವುಗಳ ವೇಗವನ್ನಳೆದ ಮಹನೀಯರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಗ್ರಹವಾಗಿ ತಿಳಿಸಲಿಚ್ಛಿಸುತ್ತೇವೆ.

ಒಟ್ಟೋ ಸ್ಟರ್ನರು 1888ನೆಯ ಇಸವಿ ಫೆಬ್ರವರಿ 17ರಂದು, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಸೋಹ್ರೌ ಎಂಬ ಊರಿನಲ್ಲಿ, ಧಾನ್ಯವ್ಯಾಪಾರದಿಂದ ಅನುಕೂಲಸ್ಥರಾದ ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. 1912ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿ ಪಡೆದು, ಪ್ರಾಗ್ ಮತ್ತು ಜೂರಿಕ್ ನಗರಗಳಲ್ಲಿ ಐನ್‌ಸ್ಟೈನರ ಸಂಗಡ ಇದ್ದರು.

ಅನಿಲದ ಕಣಗಳ ವೇಗವನ್ನು ಮ್ಯಾಕ್ಸ್‌ವೆಲ್ಲರು ಹಿಂದಿನ ಶತಮಾನದಲ್ಲಿಯೇ ಲೆಕ್ಕ ಹಾಕಿ ತಿಳಿಸಿದ್ದರು. ಆದರೆ ಆ ಲೆಕ್ಕವನ್ನು ನೇರವಾಗಿ ಪರೀಕ್ಷಿಸಿದವರಿರಲಿಲ್ಲ. ಫ್ರಾಂಕ್‌ಫರ್ಟ್ ನಗರದಲ್ಲಿ 1920ರಲ್ಲಿ ಸ್ಟರ್ನರು ಗಾಳಿಯನ್ನು ಹೊರತೆಗೆದ ಪಾತ್ರೆಯೊಳಗೆ ಬೆಳ್ಳಿ ಲೇಪಿಸಿದ ಪ್ಲಾಟಿನಮ್ ತಂತಿಯನ್ನು ಕಾಯಿಸಿದರು. ತಂತಿಯಿಂದ ಹೊರಟ ಬೆಳ್ಳಿಯ ಪರಮಾಣುಗಳು ಕಿರುಸೀಳುಗಳ ಮೂಲಕ ಹಾದು ಫಲಕದ ಮೇಲೆ ಗೆರೆಯಾಗಿ ಕುಳಿತವು. ಆ ಬಳಿಕ ಉಪಕರಣವನ್ನೇ ವೇಗವಾಗಿ ತಿರುಗಿಸಲು ಗೆರೆಯು ಸ್ವಲ್ಪ ಸರಿಯಿತು. ಸರಿದ ಅಂತರದಿಂದ ವೇಗವು ಸೆಕೆಂಡಿಗೆ ಸುಮಾರು 600 ಮೀಟರೆಂದು ಕಂಡುಬಂದಿತು. ಮ್ಯಾಕ್ಸ್‌ವೆಲ್ಲರ ಲೆಕ್ಕಕ್ಕೆ ಅದು ಹೊಂದಿತು. ಭೌತಶಾಸ್ತ್ರದ ಅಧ್ಯಾಪಕರಾಗಿ ಹೆಸರಾದ ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದ್ದೂ ಅದೇ ವರ್ಷ.

ಅದೇ ವರ್ಷ ಅಲ್ಲಿಯೇ ಎಲಿಸಬೆತ್ ಬೋರ್ಮನ್ ಎಂಬ ಮಹಿಳೆಯು ಮ್ಯಾಕ್ಸ್ ಬಾರ್ನರೊಡನೆ ಬೆಳ್ಳಿಯ ಧಾರೆಯ ದಾರಿಯಲ್ಲಿ ಸ್ವಲ್ಪ ಗಾಳಿಯನ್ನು ಬಿಟ್ಟು ನೋಡಿದಳು. ಗಾಳಿ ಹೆಚ್ಚಿದಷ್ಟೂ ಫಲಕಕ್ಕೆ ತಲಪುವ ಬೆಳ್ಳಿ ಕಡಿಮೆಯಾಯಿತು. ಹೀಗೆ, ಪರಮಾಣುವೊಂದು ಮತ್ತೊಂದು ಕಣಕ್ಕೆ ಢಿಕ್ಕಿ ಹೊಡೆಯುವ ಮೊದಲು ಎಷ್ಟು ದೂರ ಸಾಗುವುದೆಂಬುದು ನೇರವಾಗಿ ಅಳತೆಗೆ ದೊರಕಿತು. ಈ ಸ್ತ್ರೀಯ ಹೆಸರನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲವಾದುದರಿಂದ ಇಲ್ಲಿ ಹೇಳಿದೆವು.

1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕರು ಕಾಂತದ ನಡುವೆ ಹಾಯಿಸಿದ ಬೆಳ್ಳಿಯ ಧಾರೆಯು ಎರಡಾಗಿ ಸೀಳಿತು. ಯುದ್ಧಾನಂತರದ ಆ ಬಡತನದಲ್ಲಿ, ಬಾರ್ನರು ಐನ್‌ಸ್ಟೈನರ ಸಿದ್ಧಾಂತದ ಮೇಲೆ ಉಪನ್ಯಾಸಗಳನ್ನಿತ್ತು, ಬಂದ ಪ್ರವೇಶಧನವನ್ನು ಈ ಪ್ರಯೋಗಗಳಿಗೆ ಒದಗಿಸಿದರು.

1923ರಿಂದ ಸ್ಟರ್ನರು ಹ್ಯಾಂಬರ್ಗಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರೋಟಾನಿನ ಕಾಂತಗುಣವನ್ನು ಅಳೆಯುವುದು ವ್ಯರ್ಥಶ್ರಮವೆಂದು ದೊಡ್ಡ ಪಂಡಿತರೇ ಭಾವಿಸಿದ್ದರೂ ಅವರು ಬಿಡಲಿಲ್ಲ. ಅಳೆದಾಗ ಅದು ಎಣಿಸಿದ್ದಕ್ಕಿಂತ ಎರಡು ಮೂರು ಪಾಲು ಹೆಚ್ಚಾಗಿತ್ತು. ಆ ವರ್ಷವೇ, 1933ರಲ್ಲಿ, ಹಿಟ್ಲರನ ಸರ್ಕಾರವು ಯೆಹೂದ್ಯರನ್ನು ಉದ್ಯೋಗದಿಂದ ತೆಗೆಯಲಾರಂಭಿಸಿತು. ಸಹಾಯಕರಾದ ಎಸ್ಟರ್‌ಮನ್, ಫ್ರಿಶ್ ಎಂಬುವರು ಕೆಲಸ ಕಳೆದುಕೊಂಡರು. ಸ್ಟರ್ನರು ತಾವೇ ರಾಜೀನಾಮೆಯಿತ್ತು, ಹತ್ತು ವರ್ಷ ಕಟ್ಟಿದ ಪ್ರಯೋಗಶಾಲೆಯನ್ನು ತೊರೆದು ಅಮೆರಿಕದ ಪಿಟ್ಸ್‌ಬರ್ಗ್ ನಗರ ಸೇರಿದರು. 1943ರ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. 1969ನೆಯ ಆಗಸ್ಟ್ 17ರಂದು ಬರ್ಕ್ಲಿಯಲ್ಲಿ ತೀರಿಕೊಂಡರು.

ಎರಡು ಧಾರೆಗಳನ್ನು ಅಡ್ಡಲಾಗಿ ಹಾಯಿಸಿ ಅಣುಗಳ ಢಿಕ್ಕಿಯನ್ನು ಪರಿಶೋಧಿಸಿದುದೂ ಸೇರಿದಂತೆ ನಡೆಸಿದ ಕೆಲಸಕ್ಕಾಗಿ ಹರ್ಷ್‌ಬಾಕ್, ಲೀ, ಪೊಲಾನಿ ಎಂಬುವರು 1986ರಲ್ಲಿ ಅದೇ ಪಾರಿತೋಷಕ ಪಡೆದರು. ಮರುವರ್ಷ ಚಾಂಡ್ಲರ್ ಮತ್ತು ಹ್ಯೂಸ್ಟನ್ನರು ಅಯಾನುಗಳ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಲೇಸರ್ ಬೆಳಕಿನಿಂದ ಒಡೆದ ಅಣುವಿನ ಚೂರುಗಳಿಗೆ ವಿದ್ಯುದಂಶ ಕೊಟ್ಟು, ವಿದ್ಯುತ್ ಕ್ಷೇತ್ರದಿಂದ ತೆರೆಯೊಂದರತ್ತ ದೂಡಿದರೆ, ತೆರೆಯ ಮೇಲೆ ಬೆಳಕಿನ ಚುಕ್ಕೆಗಳು ಉಂಗುರವಾಗಿ ಕೂಡುತ್ತವೆ. ಉಂಗುರ ದೊಡ್ಡದಾದಷ್ಟೂ ಚೂರಿನ ವೇಗ ಹೆಚ್ಚು. ಸ್ಟರ್ನರ ಫಲಕದ ಮೇಲೆ ಅಸಂಖ್ಯಾತ ಪರಮಾಣುಗಳು ಕೂಡಿ ಒಂದು ಗೆರೆಯಾಗಬೇಕಾಗಿತ್ತು. ಈ ತೆರೆಯ ಮೇಲೆ ಒಂದೊಂದು ಅಯಾನೂ ತನ್ನದೇ ಚುಕ್ಕೆಯನ್ನು ಇಡುತ್ತದೆ.