ಕೆಲಸ ಹೋದರೂ ಹುಡುಕಾಟ ನಿಲ್ಲಿಸದ ವಿರ್ಚೋ

ರುಡಾಲ್ಫ್ ವಿರ್ಚೋ ಹುಟ್ಟಿದ್ದು 1821ರಲ್ಲಿ, ಆಗಿನ ಪ್ರಷ್ಯಾದ ಸಣ್ಣ ಊರೊಂದರಲ್ಲಿ. ಸೇನೆಗೆ ವೈದ್ಯರನ್ನು ತಯಾರು ಮಾಡುವ ಬರ್ಲಿನ್‌ನ ಸಂಸ್ಥೆಯಲ್ಲಿ ಉಚಿತವಾಗಿ ಓದುವ ಅವಕಾಶ ಸಿಕ್ಕಿದ್ದರಿಂದ ವೈದ್ಯರಾದರು. ಅವರ ಲೇಖನವನ್ನು ಪತ್ರಿಕೆಯೊಂದು ತಿರಸ್ಕರಿಸಿದಾಗ, 1847ರಲ್ಲಿ ಗೆಳೆಯನೊಂದಿಗೆ ಸೇರಿ ತಮ್ಮದೇ ಪತ್ರಿಕೆ ಶುರು ಮಾಡಿದರು. ಆಗ ಅವರಿಗೆ 25 ವರ್ಷ.

ಮರುವರ್ಷ ಅಪ್ಪರ್ ಸೈಲೀಷಿಯಾದಲ್ಲಿ ಟೈಫಸ್ ಜ್ವರ ಹಬ್ಬಿತು. ಸರ್ಕಾರ ಕಳುಹಿಸಿದ ವಿರ್ಚೋ, ಹಸಿವು, ಬಡತನ, ಶಿಕ್ಷಣದ ಕೊರತೆ ಮತ್ತು ಆಡಳಿತದ ನಿರ್ಲಕ್ಷ್ಯವೇ ಇದಕ್ಕೆ ಕಾರಣವೆಂದು ನೇರವಾಗಿ ವರದಿ ಕೊಟ್ಟರು. ಬರ್ಲಿನ್‌ನ ಕ್ರಾಂತಿಯಲ್ಲೂ ಪಾಲ್ಗೊಂಡರು. 1849ರಲ್ಲಿ ಚಾರಿಟೆ ಆಸ್ಪತ್ರೆಯ ಹುದ್ದೆ ಕೈತಪ್ಪಿತು. ಅವರು ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ, ಸೂಕ್ಷ್ಮದರ್ಶಕದ ಮುಂದೆ ಕುಳಿತರು. 1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಸಿಕೊಂಡಿತು.

ಅಪಧಮನಿ ಗಟ್ಟಿಯಾಗುವುದೇಕೆ ಎಂಬುದು ಆಗ ದೊಡ್ಡ ಚರ್ಚೆ. ರಕ್ತದಲ್ಲಿರುವ ವಸ್ತು ಒಳಗೋಡೆಗೆ ಅಂಟಿಕೊಳ್ಳುತ್ತದೆ ಎಂದು ವಿಯೆನ್ನಾದ ರೋಕಿಟಾನ್‌ಸ್ಕಿ ನಂಬಿದ್ದರು. ವಿರ್ಚೋ ಒಪ್ಪಲಿಲ್ಲ. ರಕ್ತನಾಳ ಬರೀ ಕೊಳವೆಯಲ್ಲ, ಅದರ ಗೋಡೆಗೆ ಜೀವವಿದೆ; ಅಲ್ಲಿ ಉರಿಯೂತ ಉಂಟಾಗಿ ಜೀವಕೋಶಗಳು ಹೆಚ್ಚುತ್ತವೆ ಎಂದರು. ಆದರೆ ಆ ಉರಿಯೂತವನ್ನು ನಡೆಸುವುದು ಯಾವುದೆಂದು ತಿಳಿಯುವ ಸಾಧನ ಆ ಕಾಲದಲ್ಲಿ ಇರಲಿಲ್ಲ.

ಇಂದು ಅದು ಗೊತ್ತಾಗಿದೆ. ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ಸೇರಿದಾಗ ಅಲ್ಲಿನ ಜೀವಕೋಶಗಳು ಸಂಕೇತ ಅಣುಗಳನ್ನು ಹೊರಬಿಡುತ್ತವೆ. ಆ ಕರೆಗೆ ಬಿಳಿ ರಕ್ತಕಣಗಳು ಒಳನುಗ್ಗಿ ಕೊಬ್ಬನ್ನು ನುಂಗಿ ಊದಿಕೊಳ್ಳುತ್ತವೆ. ಆಮೇಲೆ ಅವೂ ಇಂಟರ್‌ಲ್ಯೂಕಿನ್-1 ಬೀಟಾದಂಥ ಅಣುಗಳನ್ನು ಸ್ರವಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಹೀಗೆ ಬೆಳೆದ ಗಡ್ಡೆ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಅಂದರೆ ಕೊಬ್ಬಿನ ಪಾತ್ರವೂ ಇದೆ, ಉರಿಯೂತದ ಪಾತ್ರವೂ ಇದೆ. ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಈ ಒಂದು ಅಣುವನ್ನು ತಡೆಯುವ ಔಷಧ ಕೊಲೆಸ್ಟ್ರಾಲ್ ಇಳಿಸದೆಯೇ ಮತ್ತೆ ಹೃದಯಾಘಾತವಾಗುವುದನ್ನು ಕಡಿಮೆ ಮಾಡಿತ್ತು.

ವಿರ್ಚೋ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ರೋಗಾಣುಗಳ ಪಾತ್ರವನ್ನು ಅವರು ಬಹುಕಾಲ ಅನುಮಾನಿಸಿದರು. ಆದರೆ ಬರ್ಲಿನ್ ನಗರಸಭೆಯ ಸದಸ್ಯರಾಗಿ ಒಳಚರಂಡಿಗೆ ಪಟ್ಟು ಹಿಡಿದರು, ಸಂಸತ್ತಿನಲ್ಲೂ ಕುಳಿತರು. 1902ರಲ್ಲಿ ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಸಂದರ್ಶನಗಳಲ್ಲಿ ತಿರಸ್ಕೃತರಾಗಿ ಬೇಸತ್ತ ಸ್ನೇಹಿತರು ಈ ಬದುಕನ್ನೊಮ್ಮೆ ಓದಬೇಕು. 27ನೇ ವಯಸ್ಸಿನಲ್ಲಿ ವಿರ್ಚೋ ಕಳೆದುಕೊಂಡದ್ದು ಹುದ್ದೆಯನ್ನು ಮಾತ್ರ, ಕೆಲಸವನ್ನಲ್ಲ.